ಉಪಚಾರ ಒಲ್ಲದ ಮೀನು

ಊಟಕ್ಕೆ ಕೂತವರನ್ನು ಬಲವಂತ ಮಾಡುವುದು ನನ್ನ ದುರ್ಗುಣ. ದುರ್ಗುಣ ಎಂದು ಈಗ ಒಪ್ಪಿಕೊಳ್ಳುತ್ತಿದ್ದೇನೆ ಅಷ್ಟೆ. ಈ ಬೇಸಿಗೆಯವರೆಗೂ ನನ್ನಲ್ಲಿರುವ ಒಳ್ಳೆಯ ಗುಣ ಅಂತ ಒಂದಿದ್ದರೆ ಅದು ಇದೇ ಎಂದು ನಂಬಿಕೊಂಡಿದ್ದೆ. ನನ್ನ ಕಣ್ಣು ತೆರೆಸಿದ್ದು ಮೂರಂಗುಲದ ಒಂದು ಮೀನು. ಗುರು ಇಷ್ಟೇ ಉದ್ದ ಇರಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲವಾದ್ದರಿಂದ ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನನ್ನ ತವರು ಹೆಮ್ಮಿಗೆ. ಅಲ್ಲಿ ನಮ್ಮವ್ವ ಸೌಟು ಹಿಡಿದು ನಿಂತರೆ ಪಂಕ್ತಿಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅವ್ವನ ಸಿದ್ಧಾಂತ ಹೀಗಿತ್ತು: ಎಲೆಯ ಮುಂದೆ ಕೂತವರು ಮೊದಲ ಸಲ 'ಬೇಡ' ಅನ್ನುವುದು ಮರ್ಯಾದೆಗೆ. ಎರಡನೆಯ ಸಲ 'ಸಾಕು' ಅನ್ನುವುದು ಸಂಕೋಚಕ್ಕೆ. ಮೂರನೆಯ ಸಲ ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದರೆ ಅದರಲ್ಲಿ ಸ್ವಲ್ಪ ನಿಜ ಇದ್ದರೂ ಇರಬಹುದು. ಆದರೂ ಬೆರಳ ಸಂದಿಯಲ್ಲಿ ಒಂದು ಚಮಚ ತುಪ್ಪ ಬಿಟ್ಟು ನೋಡಬೇಕು. ನಿಜವಾಗಿ ಬೇಡದವರು ಎದ್ದು ಹೋಗುತ್ತಾರೆ, ಕೂತೇ ಇದ್ದರೆ ಇನ್ನೂ ಬೇಕು ಎಂದರ್ಥ. ಇನ್ನೊಂದು ನಿಯಮವೂ ಇತ್ತು. ಬಂದವರ ಎಲೆ ಒಂದು ಗಳಿಗೆಯೂ ಬರಿದಾಗಿ ಕಾಣಬಾರದು. ಖಾಲಿ ಎಲೆ ಕಂಡರೆ ಕೇಳದೆ ಬಡಿಸಬೇಕು, ಯಾಕೆಂದರೆ ಕೇಳಿದರೆ ಯಾರು ತಾನೇ ಹೌದು ಅಂತಾರೆ? ನಾನು ಟಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸೊನ್ನೆಗೆ ಎಂಥ ಬೆಲೆ ಇದೆ ಎಂದು ಮಕ್ಕಳಿಗೆ ದಿನಾ ಬಾಯಿ ನೋಯುವಷ್ಟು ಹೇಳುತ್ತೇನೆ. ತಟ್ಟೆಯಲ್ಲಿ ಸೊನ್ನೆ ಕಂಡರೆ ಮಾತ್ರ ನನಗೆ ಆಗುವುದಿಲ್ಲ.

ಈ ಗುಣಕ್ಕೆ ಬಲಿಯಾದವರು ನಂಜನಗೂಡಿನ ನಮ್ಮ ಬೀದಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕರೆಂಟಿನ ಮೀಟರ್ ನೋಡಲು ಬರುವ ಮನುಷ್ಯನಿಗೆ ಒಂದು ದಿನ ಮೂರು ಒಬ್ಬಟ್ಟು ತಿನ್ನಿಸಿ ಕಳಿಸಿದ್ದೆ. ಮುಂದಿನ ತಿಂಗಳು ನಾನು ಬಾಗಿಲಲ್ಲೇ ನಿಂತಿದ್ದರೂ ಆತ 'ಬಾಗಿಲು ಹಾಕಿದೆ' ಎಂದು ಬರೆದುಕೊಂಡು ಆ ಕಡೆ ಮುಖ ಮಾಡಿ ಹೋಗಿಬಿಟ್ಟ. ಪಾಪ, ಅವನಿಗೆ ಸಕ್ಕರೆ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ಆಗಲೂ ನನಗೆ ಅನ್ನಿಸಿದ್ದು ಅಯ್ಯೋ ಹಾಗಿದ್ದರೆ ರೊಟ್ಟಿಯನ್ನೇ ಮಾಡಿಕೊಡಬಹುದಿತ್ತಲ್ಲ ಎಂದು.

ಇನ್ನು ಮೀನಿನ ವಿಷಯ. ನಮ್ಮ ಮನೆಯವರು ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾರೆ. ಇಡೀ ದಿನ ನೀರು ನೋಡಿ ಬಂದ ಮನುಷ್ಯ ಮನೆಯಲ್ಲಾದರೂ ಬೇರೆ ಏನನ್ನಾದರೂ ನೋಡಬೇಕು ತಾನೇ? ಇವರು ಎರಡು ವರ್ಷದ ಹಿಂದೆ ಹಾಲ್‌ನಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ತಂದಿಟ್ಟು ಅದರಲ್ಲಿ ಸಮುದ್ರ ಮಾಡಿದರು. ಐದು ನಿಮಿಷ ನಡೆದರೆ ಕಪಿಲೆ ಹರಿಯುತ್ತಾಳೆ. ಊರ ತುಂಬ ಸಿಹಿನೀರು ಇಟ್ಟುಕೊಂಡು, ಅದನ್ನು ಸೋಸಿ ಶುದ್ಧ ಮಾಡಿ, ಆಮೇಲೆ ಅದಕ್ಕೆ ಉಪ್ಪು ಬೆರೆಸಿ ಯಾರೂ ಕುಡಿಯಲಾಗದಂತೆ ಮಾಡುವ ಪುರಸೊತ್ತು ಇಡೀ ತಾಲ್ಲೂಕಿನಲ್ಲಿ ಇವರೊಬ್ಬರಿಗೇ ಇರುವುದು. ಹಿತ್ತಿಲಲ್ಲಿ ನೀಲಿ ಡ್ರಮ್ಮಿಗೆ ಉಪ್ಪು ಸುರಿದು ಕೋಲಿನಲ್ಲಿ ತಿರುವುತ್ತಿದ್ದರೆ ಪಕ್ಕದ ಮನೆಯ ಜಯಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, "ಅಕ್ಕಾ, ನಿಮ್ ಯಜಮಾನ್ರು ಸಮುದ್ರ ಕಡೀತಾವ್ರೆ. ಅಮೃತ ಬಂದ್ರೆ ನಮ್ಗೂ ಒಸಿ ಕೊಡಿ" ಅಂದಿದ್ದಳು.

ಆ ತೊಟ್ಟಿಯಲ್ಲಿ ಮೊದಲಿಂದ ಇದ್ದದ್ದು ಕಿತ್ತಳೆ ಬಣ್ಣದ ಒಂದು ಜೋಡಿ ಮೀನು. ಅವು ನಮ್ಮ ಕಡೆಯವೇ ಅನ್ನುವಷ್ಟು ಚೆನ್ನಾಗಿ ಉಣ್ಣುತ್ತಿದ್ದವು. ಹೋದ ವರ್ಷ ಅವುಗಳ ಜೊತೆಗೆ ಇನ್ನೊಂದನ್ನು ತಂದಿದ್ದರು. ಅದು ಬಂದಾಗಿನಿಂದ ಕಲ್ಲಿನ ಸಂದಿ ಬಿಟ್ಟು ಹೊರಗೆ ಬರಲಿಲ್ಲ, ಒಂದು ಚೂರು ತಿನ್ನಲಿಲ್ಲ, ಎರಡು ವಾರಕ್ಕೆ ಸತ್ತುಹೋಯಿತು. ಇವರು ಅದನ್ನು ದಾಸವಾಳದ ಗಿಡದ ಬುಡದಲ್ಲಿ ಹೂತು ಬಂದು, ಆಮೇಲೆ ಒಂದು ವಾರ ತೊಟ್ಟಿಯ ಕಡೆ ಮುಖ ಹಾಕಲಿಲ್ಲ. ದೊಡ್ಡ ದನಿಯಲ್ಲಿ ದುಃಖ ಪಡುವ ಜಾತಿಯಲ್ಲ ಇವರು. ಊಟದ ಮಧ್ಯೆ ಸುಮ್ಮನಾಗಿಬಿಡುತ್ತಿದ್ದರು, ನನಗೆ ಅರ್ಥವಾಗುತ್ತಿತ್ತು. ಆದ್ದರಿಂದ ಈ ಏಪ್ರಿಲ್‌ನಲ್ಲಿ ಮೈಸೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸ ಮೀನು ತಂದಾಗ ನಾನು ಮನಸ್ಸಿನಲ್ಲೇ ಶಪಥ ಮಾಡಿದೆ: ಇದು ಮಾತ್ರ ನನ್ನ ಮನೆಯಲ್ಲಿ ಹಸಿದುಕೊಂಡು ಸಾಯಕೂಡದು. ಬೇಸಿಗೆ ರಜೆ, ನಾನೂ ಮನೆಯಲ್ಲೇ ಇದ್ದೆ. ಮೀನಿನ ಗ್ರಹಚಾರ.

ಬಂದವರು ಮಾತ್ರ ಬಹಳ ಚೆಲುವರು. ಮುಂದಿನ ಅರ್ಧ ಹಾಲುಬಿಳುಪು, ಹಿಂದಿನ ಅರ್ಧ ಕೆಂಡ. ನೆತ್ತಿಯ ಮೇಲೆ ಕಡ್ಡಿಯಂಥ ಉದ್ದನೆಯ ರೆಕ್ಕೆ, ಅದನ್ನು ಆಗಾಗ ಎತ್ತಿ ಇಳಿಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ಬೆಂಕಿ ಮೀನು ಅನ್ನುವ ಅರ್ಥದ ಹೆಸರಿದೆಯಂತೆ. ಹೆಸರಿಗೆ ಬೆಂಕಿ, ಸ್ವಭಾವದಲ್ಲಿ ತಣ್ಣೀರು. ಇವರು ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಹನಿ ಹನಿಯಾಗಿ ಮೀನಿದ್ದ ಬಕೆಟ್ಟಿಗೆ ಇಳಿಸುತ್ತ ಒಂದೂವರೆ ಗಂಟೆ ಕೂತರು. ಹೊಸ ನೀರು ಒಗ್ಗಬೇಕಲ್ಲ. ಮೆಲ್ಲಗೆ ತೊಟ್ಟಿಗೆ ಬಿಟ್ಟ ಕೂಡಲೇ ಅದು ಕಲ್ಲಿನ ಒಂದು ತೂತು ಹುಡುಕಿ ಹಿಂದುಹಿಂದಾಗಿ ಒಳಗೆ ಸೇರಿಕೊಂಡಿತು. ಎರಡು ಕಣ್ಣು ಮಾತ್ರ ಹೊರಗೆ. ನಮ್ಮೂರ ನೀರು ನರಸೀಪುರದ ಸಂಗಮದಲ್ಲಿ ಕಾವೇರಿಯನ್ನು ಕೂಡಿ ಸಮುದ್ರಕ್ಕೆ ಹೋಗುವುದು ಯಾವ ಕಾಲದಿಂದಲೋ ನಡೆದಿದೆ. ಸಮುದ್ರದ ಕಡೆಯಿಂದ ಯಾರಾದರೂ ನಮ್ಮೂರಿಗೆ ಬಂದರೆ ಹೀಗೆ ಕಂಗಾಲಾಗುವುದೂ ಸಹಜವೇ.

ಸುದ್ದಿ ತಿಳಿದು ಬೀದಿಯ ಹೆಂಗಸರೆಲ್ಲ ನೋಡಲು ಬಂದರು. ಬಂದವರು ಸುಮ್ಮನೆ ನೋಡುತ್ತಾರೆಯೇ? ಗಾಜು ತಟ್ಟಿದರು, ಮೊಬೈಲಿನ ಬೆಳಕು ಬಿಟ್ಟರು, ಚಿಟಿಕೆ ಹೊಡೆದರು. ಜಯಮ್ಮ ಸೊಂಟದ ಮೇಲೆ ಕೈಯಿಟ್ಟು, "ಒಸಾ ಅಳಿಯಂದ್ರು ರೂಮ್ ಬುಟ್ಟು ಈಚಿಗ್ ಬರಾಕಿಲ್ವಂತಾ?" ಅಂದಳು. ಅಲ್ಲಿಂದ ಅದಕ್ಕೆ ಅಳಿಯಂದಿರು ಎಂದೇ ಹೆಸರಾಯಿತು. ನಮಗೆ ಹೆಣ್ಣುಮಕ್ಕಳಿಲ್ಲ. ಅಳಿಯನನ್ನು ಕೂರಿಸಿ ಉಪಚಾರ ಮಾಡುವ ಯೋಗ ನನಗೆ ಒದಗಿದ್ದು ಇದೇ ಮೊದಲು, ನಾನು ಸುಮ್ಮನಿದ್ದೇನೆಯೇ?

ಅಳಿಯಂದಿರ ಊಟದ್ದೇ ಒಂದು ಕಥೆ. ನಮ್ಮದು ಲಿಂಗ ಕಟ್ಟಿದವರ ಮನೆ, ಮೊಟ್ಟೆ ಕೂಡ ಹೊಸಿಲು ದಾಟಿಲ್ಲ. ಹಳೆಯ ಜೋಡಿ ಡಬ್ಬಿಯ ಒಣ ಕಾಳು ತಿಂದುಕೊಂಡಿತ್ತು, ಆ ಕಾಳನ್ನು ಏತರಿಂದ ಮಾಡುತ್ತಾರೆಂದು ನಾವು ಯಾರೂ ಕೇಳಲು ಹೋಗಿರಲಿಲ್ಲ. ಹೊಸಬರಿಗೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಸೀಗಡಿಯೇ ಬೇಕು, ಅದನ್ನು ಐಸಿನಲ್ಲೇ ಇಡಬೇಕು. ನಮ್ಮ ಫ್ರಿಜ್ಜಿನಲ್ಲಿ ದೇವರ ನೈವೇದ್ಯದ ಹಾಲೂ ಇರುತ್ತದಲ್ಲ. ಜಯಮ್ಮನದು ಗೌಡರ ಮನೆ. "ನಮ್ ಫ್ರಿಜ್ಜಲ್ಲಿ ಮಡಗಿ, ಅಕ್ಕ. ಅಲ್ಲಿ ಅದ್ಕೆ ನೆಂಟರು ಬೇಕಾದಷ್ಟು ಅವ್ರೆ" ಅಂದಳು. ಹೀಗೆ ದಿನಾ ಕಾಂಪೌಂಡಿನ ಮೇಲಿಂದ ಒಂದು ಪುಟ್ಟ ಬಟ್ಟಲಲ್ಲಿ ಸೀಗಡಿ ನಮ್ಮ ಮನೆಗೆ ಬರತೊಡಗಿತು. ಅದಕ್ಕೆಂದೇ ಒಂದು ಚಮಚ ಬೇರೆ ಇಟ್ಟೆ. ಕೊಟ್ಟು ಮುಗಿದ ಮೇಲೆ ಮೂರು ಸಲ ಕೈ ತೊಳೆದೆ.

ನಮ್ಮ ಮನೆಯವರು ಕೆಲಸಕ್ಕೆ ಹೊರಡುವ ಮುಂಚೆ ಹೇಳಿದ್ದು ಸ್ಪಷ್ಟವಾಗಿತ್ತು. "ದೀಪ ಸಣ್ಣದಾಗಿರಲಿ. ದಿನಕ್ಕೆ ಎರಡೇ ಸಲ, ಒಂದು ಚಿಟಿಕೆ. ತಿನ್ನದೇ ಇದ್ದರೆ ಬಿಡು. ವಾರ ಹತ್ತು ದಿನ ತಡೆಯುತ್ತೆ." ನಾನು ಹೂಂಗುಟ್ಟಿದೆ. ಅವರ ಬೈಕು ಬೀದಿ ತಿರುಗುವಷ್ಟರಲ್ಲಿ ಸ್ಟೂಲು ಎಳೆದುಕೊಂಡು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂತೆ. ತೂತಿನ ಬಾಯಿಗೆ ಸರಿಯಾಗಿ ಬೀಳುವಂತೆ ಸೀಗಡಿ ಹಾಕಿದೆ. ಅಳಿಯಂದಿರು ಇನ್ನೊಂದಿಷ್ಟು ಹಿಂದೆ ಸರಿದರು. ಒಳ್ಳೆಯದು, ಇದು ಮೊದಲನೆಯ 'ಬೇಡ' ಅಂದುಕೊಂಡೆ. ಐದು ನಿಮಿಷಕ್ಕೆ ತೊಟ್ಟಿಯೊಳಗಿನ ನೀರಿನ ಸೆಳೆತಕ್ಕೆ ಸೀಗಡಿ ಎತ್ತಲೋ ಹೋಗಿ ತೂತಿನ ಮುಂದೆ ಬರಿದಾಯಿತು. ಖಾಲಿ ಎಲೆಯ ಮುಂದೆ ಅಳಿಯ ಕೂತಿದ್ದಾನೆ. ಇನ್ನೊಂದು ಚಮಚ ಹಾಕಿದೆ. ಅದೂ ತೇಲಿ ಹೋಯಿತು, ಮತ್ತೊಂದು ಚಮಚ. ಸೀಗಡಿ ರುಚಿಸಲಿಲ್ಲವೇನೋ ಎಂದು ಬೆಳ್ಳುಳ್ಳಿ ರಸದಲ್ಲಿ ನೆನೆಸಿ ಹಾಕಿದೆ. ಇದು ನನ್ನ ಕಲ್ಪನೆಯಲ್ಲ, ಮೀನು ಸಾಕುವವರು ಮಾಡುವುದೇ. ಆದರೆ ಮೂರನೆಯ ದಿನ ಒಂದು ಚೂರು ರಸಬಾಳೆ ಹಾಕಿದ್ದು ಮಾತ್ರ ನನ್ನ ಸ್ವಂತ ಬುದ್ಧಿ. ನಂಜನಗೂಡಿಗೆ ಬಂದು ರಸಬಾಳೆ ತಿನ್ನದೆ ಹೋದರೆ ನಾಳೆ ಸಮುದ್ರದಲ್ಲಿ ನಮ್ಮ ಬಗ್ಗೆ ಏನಂದುಕೊಂಡಾರು?

ಇಷ್ಟೆಲ್ಲವನ್ನೂ ನಮ್ಮ ಮಾವನವರು ಹಾಲಿನ ಇನ್ನೊಂದು ಗೋಡೆಯ ಪಕ್ಕದ ಮಂಚದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಎಂಬತ್ತು ದಾಟಿದವರು. ಹದಿನಾರು ಅನ್ನುವ ತಮ್ಮ ಹಳ್ಳಿಯ ಜಮೀನನ್ನು ನನ್ನ ಮೈದುನನಿಗೆ ಒಪ್ಪಿಸಿ ಹೋದ ವರ್ಷ ನಮ್ಮ ಜೊತೆ ಇರಲು ಬಂದರು. ಆಗಿನಿಂದ ಅವರ ಬಲಗೈ ನಡುಗುತ್ತದೆ. ಊಟವೂ ಕಡಿಮೆಯಾಗಿತ್ತು. ಡಾಕ್ಟರಿಗೆ ತೋರಿಸಿದ್ದೆವು, ನಡುಕಕ್ಕೆ ಮಾತ್ರೆ ಕೊಟ್ಟರು, ಹೊಟ್ಟೆಗೆ ಏನೂ ತೊಂದರೆಯಿಲ್ಲ ಅಂದರು. ಅದಕ್ಕಿಂತ ನನಗೆ ಚಿಂತೆ ಹಚ್ಚಿದ್ದು ಇನ್ನೊಂದು. ಇತ್ತೀಚೆಗೆ ಅವರು ಆರಿದ ಟಿವಿಯನ್ನು ನೋಡುತ್ತ ಕೂರುತ್ತಿದ್ದರು. ಹಾಕಿಕೊಡಲೇ ಮಾವ ಎಂದರೆ ಬೇಡ ಅನ್ನುತ್ತಿದ್ದರು. ಕಪ್ಪು ಪರದೆಯನ್ನೇ ಗಂಟೆಗಟ್ಟಲೆ ನೋಡುವ ಮನುಷ್ಯನ ಬಗ್ಗೆ ಏನು ಅಂದುಕೊಳ್ಳಬೇಕೋ ಅದನ್ನೇ ಅಂದುಕೊಂಡು, ಯಾರಿಗೂ ಹೇಳದೆ ಸಂಕಟಪಡುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಹಳೆಯ ಜೋಡಿ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು. ಅಳಿಯಂದಿರು ತೂತಿನಲ್ಲೇ ಒಂದು ಪಕ್ಕಕ್ಕೆ ಒರಗಿಕೊಂಡಿದ್ದರು, ಕಿವಿರು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಮೊದಲ ಪಾಳಿ ಮುಗಿಸಿ ಬಂದ ನಮ್ಮ ಮನೆಯವರು ಚಪ್ಪಲಿ ಬಿಡುತ್ತಲೇ ಮೂಗು ಅರಳಿಸಿದರು. ಒಂದು ಕೊಳವೆಯಲ್ಲಿ ನೀರು ಹಿಡಿದು ಎರಡು ಬಗೆಯ ಹನಿ ಹಾಕಿದರು. ಹಳದಿಯಾಗಿ ಉಳಿಯಬೇಕಾದ ನೀರು ಹಸಿರಿಗೆ ತಿರುಗಿತು. ಮೀನು ತಿನ್ನದ ಆಹಾರವೆಲ್ಲ ಕಲ್ಲಿನ ಸಂದಿಗಳಲ್ಲಿ ಕೂತು ಕೊಳೆತು ಅಮೋನಿಯಾ ಆಗಿತ್ತು.

"ಎಷ್ಟು ಹಾಕಿದೆ?" ಅಂದರು. ಸುಳ್ಳು ಹೇಳುವ ಗಳಿಗೆಯಲ್ಲ, ಹೇಳಿದೆ. ರಸಬಾಳೆಯ ವಿಷಯವನ್ನೂ ಹೇಳಿದೆ. ಅವರು ಕೊಳವೆ ಪಕ್ಕಕ್ಕಿಟ್ಟು, "ನೀನು ಮೀನು ಸಾಕ್ತಿಲ್ಲ, ಸಂತರ್ಪಣೆ ಮಾಡ್ತಿದ್ದೀಯ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೂ ಸೇರಿ ಬಕೆಟ್ಟುಗಟ್ಟಲೆ ನೀರು ತೆಗೆದೆವು, ಡ್ರಮ್ಮಿನಿಂದ ಹೊಸ ಸಮುದ್ರ ಹೊತ್ತು ತಂದು ಸುರಿದೆವು. ಜಯಮ್ಮನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಲ್ಕು ಬಕೆಟ್ಟು ಹೊತ್ತಳು. ಅಮೃತ ಬಂದರೆ ಕೊಡಿ ಎಂದು ಕೇಳಿದ್ದವಳಿಗೆ ವಿಷ ಹೊರುವ ಕೆಲಸ ಸಿಕ್ಕಿತ್ತು. ಅತಿಯಾದರೆ ಅಮೃತವೂ ವಿಷ ಎಂದು ನಾನೇ ಮಕ್ಕಳಿಗೆ ಸುಭಾಷಿತ ಬರೆಸಿದವಳು, ಅದೂ ನಂಜು ಉಂಡ ದೇವರ ಊರಿನಿಂದ ಹೋಗಿ. ಆದರೆ ಅದನ್ನು ಉಂಡು ತಡೆದುಕೊಳ್ಳುವ ಶಕ್ತಿ ಆ ಮೂರಂಗುಲಕ್ಕೆ ಎಲ್ಲಿಂದ ಬರಬೇಕು? ಸಂಜೆ ನೀರು ತಿಳಿಯಾಗಿ ಕಿವಿರಿನ ಬಡಿತ ನಿಧಾನವಾದಾಗ ನಾನು ಅಡಿಗೆಮನೆಗೆ ಹೋಗಿ ಅತ್ತೆ. ಸಾಯಕೂಡದು ಎಂದು ಶಪಥ ಮಾಡಿದವಳೇ ಕೈಯಾರೆ ಕೊಲ್ಲುವುದರಲ್ಲಿದ್ದೆ.

ಎರಡು ದಿನ ತೊಟ್ಟಿಗೆ ಏನನ್ನೂ ಹಾಕಬಾರದು ಎಂದು ಆಜ್ಞೆಯಾಯಿತು. ನನ್ನ ಜನ್ಮದಲ್ಲಿ 'ಬಡಿಸಬೇಡ' ಎಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಕೈ ಸುಮ್ಮನಿರಲಿಲ್ಲ. ಮೀನಿನ ಪಾಲಿನ ಉಪಚಾರವೂ ಸೇರಿ ಮಾವನವರ ತಟ್ಟೆಗೆ ಬಿತ್ತು. ಮಾರನೆಯ ಮಧ್ಯಾಹ್ನ ಅವರು ಲಿಂಗಪೂಜೆ ಮುಗಿಸಿ ಊಟಕ್ಕೆ ಕೂತರು. ಮುದ್ದೆ, ಸೊಪ್ಪಿನ ಉಪ್ಸಾರು, ತುಪ್ಪ. ನಾನು ಎದುರಿಗೆ ಸೌಟು ಹಿಡಿದು ನಿಂತೆ. ಇನ್ನೊಂದು ತುತ್ತು ಮಾವ, ತುಪ್ಪ ಹಾಕಲೇ ಮಾವ, ಖಾರ ಜಾಸ್ತಿಯಾಯಿತೇ ಮಾವ. ನಡುಗುವ ಕೈಯಿಂದ ಸಾರು ಎದೆಯ ಮೇಲೆ ಚೆಲ್ಲಿತು, ಎಂದಿನಂತೆ ಬಗ್ಗಿ ಸೆರಗಿನಿಂದ ಒರೆಸಿದೆ. ಅರ್ಧ ಮುದ್ದೆ ಹಾಗೆಯೇ ಬಿಟ್ಟು ಕೈ ತೊಳೆಯಲು ಎದ್ದರು. ಏಕೆ ಮಾವ, ನನ್ನ ಅಡಿಗೆ ಸೇರುತ್ತಿಲ್ಲವೇ ಎಂದು ಕೇಳಿಯೇಬಿಟ್ಟೆ. ದನಿ ಸ್ವಲ್ಪ ಒಡೆದಿತ್ತು ಅಂತ ಕಾಣುತ್ತದೆ, ಅವರು ಮತ್ತೆ ಕೂತರು.

"ಅಡಿಗೆ ಸಂದಾಕೈತೆ ಕಣವ್ವ. ನೀನು ಇಂಗೆ ಎದ್ರುಗ್ ನಿಂತ್ಕಂಡ್ ನೋಡ್ತಾ ಇದ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ."

ನಾನು ಸೌಟು ಕೆಳಗಿಟ್ಟೆ. ಅವರು ತೊಟ್ಟಿಯ ಕಡೆ ಗದ್ದ ತೋರಿಸಿ, "ಅದ್ಕೂ ಅಂಗೇಯ. ನೀನು ಒಳಿಕ್ಕೋದ್ರೆ ಈಚಿಗ್ ಬತ್ತದೆ. ನಿನ್ ಬಳೆ ಸದ್ದಾದ್ರೆ ಒಳಿಕ್ಕೋಯ್ತದೆ" ಅಂದರು.

ಮಂಚದಿಂದ ತೊಟ್ಟಿಯ ಕಡೆ ಒಮ್ಮೆಯೂ ತಿರುಗಿ ಕೂರದ ಮನುಷ್ಯನಿಗೆ ಇದು ಹೇಗೆ ಗೊತ್ತು? ಕೇಳಿದೆ. ಅವರು ಕೈ ತೊಳೆದು ಬಂದು, ನನ್ನ ಕೈಹಿಡಿದು ಮಂಚದ ಮೇಲೆ ತಮ್ಮ ಪಕ್ಕ ಕೂರಿಸಿ, ಆರಿದ ಟಿವಿಯನ್ನು ತೋರಿಸಿದರು. ನಮ್ಮ ಬೆನ್ನ ಹಿಂದಿನ ತೊಟ್ಟಿ ಇಡಿಯಾಗಿ ಆ ಕಪ್ಪು ಗಾಜಿನಲ್ಲಿ ಕಾಣುತ್ತಿತ್ತು, ನೀಲಿ ಬೆಳಕಿನ ಸಮೇತ. ಪೊರೆ ತೆಗೆಸಿದ ಮೇಲೆ ಅವರ ಕಣ್ಣು ನನಗಿಂತ ಚುರುಕು. ನಾವಿಬ್ಬರೂ ತೊಟ್ಟಿಗೆ ಬೆನ್ನು ಹಾಕಿ ಉಸಿರು ಬಿಗಿಹಿಡಿದು ಕೂತೆವು. ಎಷ್ಟು ಹೊತ್ತೋ ಏನೋ. ಕೊನೆಗೆ ಟಿವಿಯಲ್ಲಿ ಒಂದು ಕೆಂಪು ಚುಕ್ಕೆ ಕಲ್ಲಿನಿಂದ ಬಿಡಿಸಿಕೊಂಡು ಮೆಲ್ಲಗೆ ಮೇಲೆದ್ದಿತು. ನಿಂತಿತು. ಕಡ್ಡಿಯಂಥ ರೆಕ್ಕೆಯನ್ನು ಒಮ್ಮೆ ಎತ್ತಿ ಇಳಿಸಿತು. ಅಷ್ಟು ದಿನ ನಾನು ಬರೀ ಕಣ್ಣು ನೋಡಿದ್ದ ಜೀವ ಮೈತುಂಬ ಹೊರಗಿತ್ತು. ಸೀಗಡಿ ತರೋಣ ಎಂದು ನಾನು ಎದ್ದೇಬಿಟ್ಟಿದ್ದೆ, ಮಾವನವರು ಸೆರಗು ಹಿಡಿದು ಕೂರಿಸಿದರು.

"ನಂಜುಂಡಪ್ಪನ್ಗೇ ನೈವೇದ್ಯ ಮಡಗ್ಬೇಕಾರೆ ಪರದೆ ಎಳೀತಾರೆ. ಅವ್ನು ಮೂರು ಲೋಕ ಕಂಡೋನು. ಅವ್ನೇ ಎಲ್ರೂ ಮುಂದೆ ಉಣ್ಣಾಕಿಲ್ಲ ಅಂದ್ಮೇಲೆ ನಿನ್ನೆ ಮೊನ್ನೆ ಬಂದ ಈ ಮೀನು ಉಣ್ತದಾ? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಸುಮ್ಕೆ ಅಂದಿಲ್ಲ ಇರೀಕರು."

ಮೂವತ್ತು ವರ್ಷದಿಂದ ದೇವಸ್ಥಾನಕ್ಕೆ ಹೋಗುತ್ತಿದ್ದೇನೆ. ನೈವೇದ್ಯದ ಹೊತ್ತಿಗೆ ಪರದೆ ಬಿದ್ದಾಗಲೆಲ್ಲ ದರ್ಶನ ತಡವಾಯಿತಲ್ಲ, ಬಸ್ಸು ತಪ್ಪುತ್ತದಲ್ಲ ಎಂದು ಗಡಿಯಾರ ನೋಡಿಕೊಂಡಿದ್ದೇನೆಯೇ ಹೊರತು, ಅದು ಯಾಕೆಂದು ಒಂದು ದಿನವೂ ಯೋಚಿಸಲಿಲ್ಲ. ಪಂಡಿತರು ಬೇರೆ ಕಾರಣ ಕೊಡುತ್ತಾರೇನೋ. ನನಗೆ ಮಾವನವರದೇ ಸರಿ ಅನ್ನಿಸಿತು. ಉಣ್ಣುವವರ ಬಾಯಿ ನೋಡಬಾರದು, ದೃಷ್ಟಿಯಾಗುತ್ತದೆ ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರೆ. ಬೇರೆಯವರ ಕಣ್ಣು ಕೆಟ್ಟದ್ದು, ನಮ್ಮದು ಮಾತ್ರ ಪ್ರೀತಿಯದ್ದು ಎಂದು ನಾವು ಅಂದುಕೊಂಡಿರುತ್ತೇವೆ. ಉಣ್ಣುವವರಿಗೆ ಆ ವ್ಯತ್ಯಾಸ ಗೊತ್ತಾಗಬೇಕಲ್ಲ.

ಎರಡು ದಿನದ ಉಪವಾಸ ಕಳೆದ ಮೇಲೆ ಪರದೆ ಎಳೆಯುವ ಪ್ರಯೋಗಕ್ಕೆ ನಮ್ಮ ಮನೆಯವರೂ ಒಪ್ಪಿದರು. ನೀರಿನ ಸೆಳೆತದ ಮೋಟಾರು ನಿಲ್ಲಿಸಿದರು. ನಾನು ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಒಂದು ಪಿಚಕಾರಿಯಲ್ಲಿ ಹತ್ತೇ ಹತ್ತು ಸೀಗಡಿ ತೂತಿನಿಂದ ಸ್ವಲ್ಪ ದೂರದಲ್ಲಿ ಬಿಟ್ಟು, ಹಿಂತಿರುಗಿ ನೋಡದೆ ಬಂದು ಮಂಚದ ಮೇಲೆ ಕೂತೆ. ಇವರೂ ಬಂದು ಕೂತರು. ಮೂವರು ದೊಡ್ಡವರು ಒಂದು ಮಂಚದ ಮೇಲೆ ಸಾಲಾಗಿ ಕೂತು ಆರಿದ ಟಿವಿಯನ್ನು ನೋಡುತ್ತಿದ್ದ ಆ ದೃಶ್ಯವನ್ನು ಬಾಗಿಲಲ್ಲಿ ನಿಂತು ಕಂಡ ಜಯಮ್ಮ, ಏನೂ ಕೇಳದೆ ಹಾಗೆಯೇ ಹಿಂದಕ್ಕೆ ಹೋದಳು.

ಕೆಂಪು ಚುಕ್ಕೆ ಬಂತು. ಒಂದು ಸೀಗಡಿಯ ಹತ್ತಿರ ಹೋಗಿ ನಿಂತಿತು, ಹಿಂದೆ ಸರಿಯಿತು. ನನ್ನ ಬಾಯಿಗೆ 'ತಗೋಪ್ಪ' ಅನ್ನುವ ಮಾತು ಬಂದುಬಿಟ್ಟಿತ್ತು, ನುಂಗಿಕೊಂಡೆ. ಸೀಗಡಿಗಿಂತ ಅದನ್ನು ನುಂಗುವುದು ಕಷ್ಟ. ಚುಕ್ಕೆ ಮತ್ತೆ ಮುಂದೆ ಬಂದು ಒಮ್ಮೆ ತಟಕ್ಕನೆ ಕತ್ತು ಕೊಂಕಿಸಿತು. ಇನ್ನೊಮ್ಮೆ. ಮತ್ತೊಮ್ಮೆ. "ತಿಂತು" ಎಂದು ನಮ್ಮ ಮನೆಯವರು ಪಿಸುಗುಟ್ಟಿದರು. ತಮ್ಮ ನೀರಿನ ಪರೀಕ್ಷೆಯ ಫಲಿತಾಂಶ ಹೇಳುವಾಗಲೂ ಅವರ ದನಿ ಹೀಗೆ ನಡುಗಿದ್ದನ್ನು ನಾನು ಕೇಳಿಲ್ಲ. ನನಗಂತೂ ಸಂತೋಷ ತಡೆಯಲಾಗದೆ ಮಾವನವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅದು ನನ್ನ ಕೈಯೊಳಗೆ ಎಂದಿನಂತೆ ನಡುಗುತ್ತಿತ್ತು.

ಆ ಕೈ ಹಿಡಿದಿರುವಾಗಲೇ ನನಗೆ ಪೂರ್ತಿ ಅರ್ಥವಾದದ್ದು. ಇಡೀ ವರ್ಷ ಈ ಕೈಯಿಂದ ಚೆಲ್ಲಿದ ಸಾರನ್ನು ಒರೆಸಿ ಒರೆಸಿ ಸೇವೆ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅರವತ್ತು ವರ್ಷ ನೇಗಿಲು ಹಿಡಿದ ಕೈಯನ್ನು, ಸೊಸೆಯೊಬ್ಬಳು ದಿನಾ ಎರಡು ಹೊತ್ತು ಎದುರು ನಿಂತು ಪರೀಕ್ಷೆ ಮಾಡುತ್ತಿದ್ದಳು. ಅರ್ಧ ಮುದ್ದೆ ಬಿಡುತ್ತಿದ್ದದ್ದು ಹಸಿವಿಲ್ಲದೆ ಅಲ್ಲ, ಆ ಪರೀಕ್ಷೆಯಿಂದ ಬೇಗ ಎದ್ದು ಹೋಗುವುದಕ್ಕೆ. ಮಾರನೆಯ ದಿನ ಅವರ ತಟ್ಟೆಗೆ ಎಲ್ಲವನ್ನೂ ಒಟ್ಟಿಗೇ ಬಡಿಸಿ, ಪಕ್ಕದಲ್ಲಿ ಸಾರಿನ ಬಟ್ಟಲು, ಒಂದು ಚಮಚ, ಒಂದು ಒದ್ದೆ ಬಟ್ಟೆ ಇಟ್ಟು, ಕರಿಬೇವು ಕಿತ್ತು ಬರುತ್ತೇನೆ ಮಾವ ಎಂದು ಹಿತ್ತಿಲಿಗೆ ಹೋದೆ. ಹೋಗಿ ಸುಮ್ಮನೆ ನಿಂತಿದ್ದೆ. ಕಾಲು ಗಂಟೆ ಅಲ್ಲಿ ನಿಲ್ಲಲು ನಾನು ಪಟ್ಟ ಕಷ್ಟ ನನಗೇ ಗೊತ್ತು. ಬಂದು ನೋಡಿದರೆ ತಟ್ಟೆಯಲ್ಲಿ ಮುದ್ದೆಯ ಗುರುತಿರಲಿಲ್ಲ. ಸೊನ್ನೆ ಕಂಡು ಇಷ್ಟು ಖುಷಿಪಟ್ಟ ಗಣಿತದ ಮೇಡಂ ಬೇರೆ ಯಾರಾದರೂ ಇದ್ದಾರೋ ಇಲ್ಲವೋ.

ಜೂನ್ ಬಂತು, ಸ್ಕೂಲು ಶುರುವಾಯಿತು. ಅಳಿಯಂದಿರು ಈಗ ಧೈರ್ಯವಂತರು. ನಾನು ಹಾಲಿಗೆ ಬಂದರೆ 'ಏನು ತಂದೆ' ಅನ್ನುವ ಹಾಗೆ ಗಾಜಿನ ಹತ್ತಿರ ಬಂದು ನಿಲ್ಲುತ್ತಾರೆ, ಎದುರಿಗೇ ತಿನ್ನುತ್ತಾರೆ. ಹತ್ತಿರ ಬರುವುದನ್ನು ಅವರ ಪಾಡಿಗೆ ಅವರಿಗೆ ಬಿಟ್ಟಿದ್ದರಿಂದ ಬಂದರು.

ಮೊನ್ನೆ ಭಾನುವಾರ ಎಲ್ಲರ ಊಟ ಮುಗಿದ ಮೇಲೆ ನಾನು ತಟ್ಟೆ ಹಿಡಿದು ಹಾಲಿನಲ್ಲಿ ನೆಲದ ಮೇಲೆ ಕೂತೆ. ನಾನು ಉಣ್ಣುವುದು ಯಾವಾಗಲೂ ಕೊನೆಗೆ, ಉಳಿದದ್ದರಲ್ಲಿ, ಅವಸರದಲ್ಲಿ. ಮೊದಲ ತುತ್ತು ಎತ್ತಿದ್ದೇ ತಡ, ಅಳಿಯಂದಿರು ಗಾಜಿನ ಹತ್ತಿರ ಬಂದು ನೇರವಾಗಿ ನನ್ನ ಬಾಯಿಯನ್ನೇ ನೋಡುತ್ತ ನಿಂತುಬಿಟ್ಟರು. ರೆಕ್ಕೆ ಎತ್ತುವುದು, ಇಳಿಸುವುದು. ನೀವು ನಂಬಲಿಕ್ಕಿಲ್ಲ, ನನ್ನ ಕೈ ಬಾಯಿಯ ಹತ್ತಿರ ನಿಂತೇಹೋಯಿತು. ಮೀನು ಎಂದು ಗೊತ್ತಿದ್ದೂ ಅಗಿಯುವುದಕ್ಕೆ ನಾಚಿಕೆಯಾಯಿತು.

ಮಂಚದ ಮೇಲೆ ಮಲಗಿದ್ದ ಮಾವನವರು ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದೆ. "ಏ ಅಳಿಯಂದ್ರೆ" ಅಂದರು ಮೆಲ್ಲಗೆ. "ನಮ್ಮವ್ವ ಉಣ್ತಾ ಕುಂತವ್ಳೆ. ಅತ್ಲಾಗ್ ತಿರಿಕ್ಕಳಿ." ಹಾಗೆಂದು ತಾವೂ ಮಗ್ಗುಲಾಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮೀನು ಎಲ್ಲಿಗೂ ಹೋಗಲಿಲ್ಲ. ನಾನು ಈ ಮನೆಗೆ ಬಂದ ಮೇಲೆ, ನಾನು ಉಣ್ಣುವುದನ್ನು ಒಬ್ಬರು ಗಮನಿಸಿದ್ದು, ಗಮನಿಸಿ ನನಗಾಗಿ ಮುಖ ತಿರುಗಿಸಿದ್ದು ಅದೇ ಮೊದಲು. ನಿಧಾನವಾಗಿ, ಒಂದೊಂದೇ ತುತ್ತು ಅಗಿದು ಉಂಡೆ. ಪಾತ್ರೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು. ಯಾರೂ ಬಲವಂತ ಮಾಡದೆ, ಅದನ್ನೂ ಹಾಕಿಕೊಂಡೆ.